ಬೊಗಸೆ ನೀರು

ಸ್ನಾನಘಟ್ಟದ ಕೊನೇ ಮೆಟ್ಟಿಲ ಬಳಿ, ಕಪಿಲೆಯ ನೀರೊಳಗೆ, ಪರೀಕ್ಷೆಗೆಂದು ತಂದ ಹೊಸ ಮೆಟಲ್ ಡಿಟೆಕ್ಟರ್, ಹೊಳೆಗೆ ಬಿದ್ದ ಒಡವೆ ಹುಡುಕಿಕೊಡುವ ಮರಿಯಯ್ಯನ ಕಿವಿಯಲ್ಲಿ ಕೂಗಿಕೊಂಡಿತು. ಇದೇ ಜಾಗದಲ್ಲಿ ಅವನ ಹಳೇ ಮಿಷನ್ನು ಉಸಿರೆತ್ತಿರಲಿಲ್ಲ. ಕಲ್ಲಿನ ಸಂದಿಯ ಕೆಸರಿಗೆ ಕೈ ಹಾಕಿದರೆ ಸಿಕ್ಕಿದ್ದು ಚಿನ್ನದ ಅವಲಕ್ಕಿ ಸರ. ಅದರ ಮುರಿದ ಕೊಂಡಿಗೆ ತಾಮ್ರದ ತಂತಿ ಸುತ್ತಿತ್ತು.

ಮೂರು ವರ್ಷದ ಹಿಂದೆ ಆ ತಂತಿಯ ಗುರುತನ್ನು ಅಳುತ್ತಾ ಹೇಳಿದ್ದವಳು ಸರ್ವಮಂಗಳಾ. ಮೀಯುವಾಗ ಸರ ಜಾರಿತೆಂದು ಅವಳು, ತವರಿಗೆ ಸಾಗಿಸಿದ್ದಾಳೆಂದು ಅವಳ ಅತ್ತೆ. ಎರಡು ದಿನ ಹಳೇ ಮಿಷನ್ನು ಆಡಿಸಿದ ಮರಿಯಯ್ಯ, ಎಲ್ಲರೆದುರು ಬೊಗಸೆಯಲ್ಲಿ ಹೊಳೆನೀರು ಹಿಡಿದು, "ಕಪಿಲವ್ವನಾಣೆ, ಇಲ್ಲಿಲ್ಲ" ಎಂದು ಚೆಲ್ಲಿದ್ದ. ಆ ಘಟ್ಟದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿಯಿರಲಿಲ್ಲ. ಅಂದೇ ಸಂಜೆ ಎದೆಹಾಲು ಕುಡಿಯುವ ಮಗುವನ್ನು ಕಿತ್ತುಕೊಂಡು, ಅವಳನ್ನು ಮುಡುಕುತೊರೆಯ ತವರಿಗೆ ಬಸ್ಸು ಹತ್ತಿಸಿದ್ದರು.

ಮರಿಯಯ್ಯ ಎದೆಮಟ್ಟದ ನೀರಿನಲ್ಲಿ ಬರಿಗೈಯಲ್ಲಿ ಎದ್ದು ನಿಂತ.

"ಏನಾದ್ರೂ ಸಿಕ್ತಾ ಮರಿಯಣ್ಣ? ಆ ಹಳೇದನ್ನ ಗುಜರಿಗೆ ಹಾಕಿ ಇನ್ನ," ಎಂದ ಮೆಟ್ಟಿಲ ಮೇಲೆ ಕಾಯುತ್ತಿದ್ದ ಮೈಸೂರಿನ ಅಂಗಡಿಯ ಪ್ರೇಮ್‌ಕುಮಾರ್.

"ಇದು ಸುಮ್‌ಸುಮ್ಕೆ ಬಡ್ಕತದೆ ಸಾ. ತಕಂಡೋಗಿ. ನಂಗೆ ಹಳೇದೇ ಸಾಕು."

"ಏನೂ ಇಲ್ದೆ ಅದು ಕೂಗಲ್ಲ ಮರಿಯಣ್ಣ. ಇನ್ನೊಂದ್ಸಲ ನೋಡಿ."

ಮರಿಯಯ್ಯ ಮಿಷನ್ನನ್ನು ಮೆಟ್ಟಿಲ ಮೇಲಿಟ್ಟು ಬೊಗಸೆಯಲ್ಲಿ ನೀರು ತುಂಬಿಕೊಂಡ. ಕೆಳಗೆ ಅವನ ಹಿಮ್ಮಡಿ ಸರವನ್ನು ಕೆಸರಿಗೆ ಒತ್ತುತ್ತಿತ್ತು.