ಹರಿಯದೆ ಉಳಿದ ಚೀಟಿ

ಪರದೆಯ ತುಂಬ ಏಳರ ಅಂಕಿ ಮಾತ್ರ ಇರಬೇಕಿತ್ತು. ಪರೀಕ್ಷೆಗೆಂದು ಒಂದು ಪುಟದಷ್ಟು ಏಳುಗಳನ್ನು ಮೆಮೊರಿಯಲ್ಲಿ ತುಂಬಿಸಿದ್ದವಳು ಅವಳೇ. ಈಗ ನೋಡಿದರೆ ಅಲ್ಲಿ ಒಂದು ಕಾಗದ ಮೂಡುತ್ತಿದೆ: "ಮಾನ್ಯ ಮೇಡಂ ಅವರಿಗೆ, ಹೋದ ವಾರದ ಅನಾಹುತದ ಬಗ್ಗೆ ತಾವು ಕೇಳಿದ ವರದಿ..." ಹೊಸ ಹುಡುಗಿ ಕುರ್ಚಿಯಿಂದ ಅರ್ಧ ಎದ್ದಳು. ಆಫೀಸಿಗೆ ಬಂದು ಏಳು ತಿಂಗಳಾದರೂ ಎಲ್ಲರ ಬಾಯಲ್ಲಿ ಅವಳು ಹೊಸ ಹುಡುಗಿಯೇ; ಅವಳ ನಂತರ ಬಂದ ಕಾಫಿ ಯಂತ್ರ ಹಳೆಯದಾಗಿತ್ತು, ಅವಳು ಆಗಿರಲಿಲ್ಲ.

ಹೋದ ವಾರ ಒಂದು ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ವಿವರ ಇನ್ನೊಬ್ಬನ ಹೆಸರಿನಲ್ಲಿ ತೆರೆದುಕೊಂಡು ರಾದ್ಧಾಂತವಾಗಿತ್ತು. ಅಲ್ಲಿನ ಕಂಪ್ಯೂಟರಿನ ಕರ್ನಲ್, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶ, ಬರೆದದ್ದು ಇವರ ತಂಡ. "ಯಾರ ತಪ್ಪು ಅಂತ ಇವತ್ತು ನಾಲ್ಕು ಗಂಟೆಯೊಳಗೆ ನನಗೆ ಗೊತ್ತಾಗಬೇಕು" ಎಂದು ಆಫೀಸಿನ ಮುಖ್ಯಸ್ಥೆ ಮೇಡಂ ಹೇಳಿಬಿಟ್ಟಿದ್ದರು. ತಪ್ಪು ಹೊಸ ಹುಡುಗಿಯ ತಲೆಗೆ ಬಂದರೆ ಮುಗಿಯಿತು. ಕೆಲಸ ಇನ್ನೂ ಕಾಯಂ ಆಗಿಲ್ಲ, ನಾಳೆಯಿಂದ ಬರಬೇಡ ಎನ್ನಲು ಒಂದು ಸಾಲಿನ ಪತ್ರ ಸಾಕು. "ನೀನು ಕಾರಣ ಹುಡುಕು ಮಗೂ, ಬರೆಯೋ ತಲೆನೋವು ನನಗಿರಲಿ" ಎಂದು ವರದಿಯ ಕೆಲಸವನ್ನು ಮೇಷ್ಟ್ರು ತಾವೇ ಹೊತ್ತುಕೊಂಡಿದ್ದರು. ಮೇಷ್ಟ್ರು ಎಂದರೆ ತಂಡದ ಹಿರಿಯರು. ಒಂದು ತೆಳು ಹಲಗೆಯ ಆಚೆ ಅವರ ಮೇಜು. ಅವಳಿಗೆ ಈ ಕೆಲಸದ ಓನಾಮ ಕಲಿಸಿದವರು ಅವರೇ.

ಕೆಲಸವೇನೋ ಕೇಳಲು ಸುಲಭ. ಪ್ರೊಸೆಸರಿನ ನಾಲ್ಕು ಕೋರ್‌ಗಳೂ, ಅಂದರೆ ಕಂಪ್ಯೂಟರಿನ ನಾಲ್ಕು ಮಿದುಳುಗಳೂ, ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂಬ ವಿಳಾಸದ ಚೀಟಿಗಳನ್ನು ಕೈಯಲ್ಲಿಟ್ಟುಕೊಂಡಿರುತ್ತವೆ. ಪ್ರತಿಯೊಂದೂ ಹೊಸದಾಗಿ ಹುಡುಕಿ ಸುಸ್ತಾಗುವ ಬದಲು ಪಕ್ಕದ ಕೋರಿನ ಚೀಟಿಯನ್ನೇ ನಕಲು ಮಾಡಿಕೊಳ್ಳಲಿ ಎಂಬುದು ತಂಡದ ಹೊಸ ಉಪಾಯ. ಜಾಗ ಬೇರೆಯವರ ಪಾಲಾದ ಕೂಡಲೇ ಎಲ್ಲ ಕೋರ್‌ಗಳಿಗೂ ಹೇಳಿ ಆ ಚೀಟಿಯನ್ನು ಹರಿದು ಹಾಕಿಸಬೇಕು, ಅಷ್ಟೇ. ಒಂದು ಉಳಿದರೂ ಬಿಟ್ಟುಬಂದ ಬಾಡಿಗೆ ಮನೆಯ ಬೀಗದ ಕೈ ಜೇಬಿನಲ್ಲೇ ಇದ್ದ ಹಾಗೆ. ಹೊಸಬರ ಸಂಸಾರವೆಲ್ಲ ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆಯಲ್ಲಿ ಆದದ್ದೂ, ಈಗ ಇಲ್ಲಿ ಆದದ್ದೂ ಅದೇ. ಅವಳೂ ಮೇಷ್ಟ್ರೂ ಕೆಲಸ ಮಾಡುತ್ತಿದ್ದುದು ಒಂದೇ ದೊಡ್ಡ ಯಂತ್ರದಲ್ಲಿ. ಅವಳು ಬಿಟ್ಟ ಜಾಗ ಮೇಷ್ಟ್ರ ಕಾಗದಕ್ಕೆ ಸಿಕ್ಕಿತ್ತು. ಆ ಹೊತ್ತಿಗೆ ನಿದ್ದೆಯಲ್ಲಿದ್ದ ಮೂರನೆಯ ಕೋರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ಎದ್ದು ಅವಳ ಏಳುಗಳನ್ನು ತೋರಿಸಲೆಂದು ಹಳೆಯ ಚೀಟಿ ಹಿಡಿದು ನೇರ ಅಲ್ಲಿಗೇ ಹೋಗಿತ್ತು.

"ಮಲಗಿರೋ ಕೋರನ್ನ ಯಾಕೆ ಎಬ್ಬಿಸ್ತೀಯ? ಬಿಟ್ಟುಬಿಡು, ವೇಗ ಸಿಗುತ್ತೆ" ಎಂದಿದ್ದವರು ಮೇಷ್ಟ್ರು. ಎದ್ದ ಮೇಲೆ ತಪ್ಪು ಜಾಗಕ್ಕೆ ಹೋದರೆ ಎಂದು ಅವಳು ಕೇಳಿಯೂ ಇದ್ದಳು. "ಹೋಗಲ್ಲ ಕಣಮ್ಮ, ನಾನು ಹೇಳ್ತಿದ್ದೀನಲ್ಲ" ಎಂದು ನಕ್ಕಿದ್ದರು. ಅವರ ಮಾತೆಂದರೆ ಅವಳಿಗೆ ವೇದವಾಕ್ಯ. ಅವರು ಬೆನ್ನ ಹಿಂದೆ ನಿಂತು ಹೇಳಿದರು, ಅವಳು ಟೈಪ್ ಮಾಡಿದಳು. ಕೋಡ್ ಬರೆದವರ ದಾಖಲೆಯಲ್ಲಿ ಬಿದ್ದದ್ದು ಅವಳ ಹೆಸರು.

ಸಿಕ್ಕಿತು ಎಂದು ಕೂಗಲು ಬಾಯಿ ತೆರೆದಳು. ಹಲಗೆಯ ಆಚೆ ಕೀಬೋರ್ಡಿನ ಕೀಲಿಗಳು ಟಕಟಕ ಎನ್ನುತ್ತಿದ್ದವು. ಆ ಸದ್ದಿನ ಹಿಂದೆಯೇ ಈಚೆ ಅಕ್ಷರಗಳು ಬೀಳುತ್ತಿದ್ದವು. "ಮಲಗಿದ ಕೋರಿಗೂ ತಿಳಿಸಲೇಬೇಕೆಂದು ನಾನು ಮೂರು ಸಲ ಎಚ್ಚರಿಸಿದ್ದೆ. ಹೊಸ ಹುಡುಗಿ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ."

ಕೂಗುವುದನ್ನು ಬಿಟ್ಟು ಮತ್ತೊಮ್ಮೆ ಓದಿದಳು. ಬೆಳಿಗ್ಗೆ ತಾನೇ ಅವರು ತಮ್ಮ ಫ್ಲಾಸ್ಕಿನ ಚಹಾವನ್ನು ಅವಳ ಲೋಟಕ್ಕೂ ಬಗ್ಗಿಸಿ, "ಮುಖ ಯಾಕೆ ಸಪ್ಪಗೆ? ನಾನಿಲ್ವಾ?" ಎಂದಿದ್ದರು. ಆ ಲೋಟವನ್ನು ಅವಳು ಮೇಜಿನ ಮೂಲೆಗೆ ತಳ್ಳಿದಳು.

"ಮೇಷ್ಟ್ರೇ," ಎಂದಳು. "ಮಲಗಿರೋ ಕೋರನ್ನ ಎಬ್ಬಿಸಬೇಡ ಅಂದಿದ್ದು ನೀವೇ ಅಲ್ವಾ?"

ಟಕಟಕ ನಿಂತಿತು. "ನಾನೇ ಕಣಮ್ಮ. ಇಲ್ಲ ಅಂತೀನಾ? ಹಾಗೇ ಬರೀತಿದ್ದೀನಿ. ನೀನು ಧೈರ್ಯವಾಗಿರು."

ಸದ್ದು ಮತ್ತೆ ಶುರುವಾಯಿತು. ಪರದೆಯ ಮೇಲೆ ಹೊಸ ಸಾಲು ಬಂತು: "ಈಗ ತಾನೇ ಕೇಳಿದೆ. ತಪ್ಪು ತನ್ನದೇ ಎಂದು ಅವಳೂ ಒಪ್ಪಿಕೊಂಡಳು."

ನಾಲ್ಕಕ್ಕೆ ಇನ್ನು ಹತ್ತೇ ನಿಮಿಷ.

"ನಿನ್ನದೆಲ್ಲಿಗೆ ಬಂತು ಮಗೂ? ಏನಾದ್ರೂ ಸಿಕ್ತಾ?"

"ಸಿಕ್ತು ಮೇಷ್ಟ್ರೇ. ಚೀಟಿ ಒಂದು ಹಾಗೇ ಉಳಿದುಬಿಟ್ಟಿದೆ. ಬೇರೆಯವರು ಬರೀತಿರೋ ಪುಟ ನನಗೆ ಕಾಣ್ತಿದೆ."

"ಭೇಷ್! ಯಾರದ್ದಂತೆ? ಏನಿದೆ ಓದು, ಕೇಳೋಣ."

ಅವಳು ಓದಿದಳು. ಒಂದಕ್ಷರ ಬಿಡಲಿಲ್ಲ. "ಈಗ ತಾನೇ ಕೇಳಿದೆ. ತಪ್ಪು ತನ್ನದೇ ಎಂದು ಅವಳೂ ಒಪ್ಪಿಕೊಂಡಳು."

ಹಲಗೆಯ ಆಚೆ ಒಂದೇ ಕೀಲಿಯನ್ನು ಮತ್ತೆ ಮತ್ತೆ ಒತ್ತುವುದು ಕೇಳಿಸಿತು. ಪರದೆಯ ಮೇಲಿನ ಆ ಸಾಲು ಕೊನೆಯಿಂದ ಒಂದೊಂದೇ ಅಕ್ಷರವಾಗಿ ಅಳಿಯುತ್ತ ಬಂತು. ಪೂರ್ತಿ ಅಳಿದ ಮೇಲೆ ಮೇಷ್ಟ್ರು ಮಾತಾಡಿದರು, ಎಂದಿನ ಅಕ್ಕರೆಯಲ್ಲೇ.

"ನಿನಗೆಲ್ಲೋ ಭ್ರಮೆ ಮಗೂ. ಅಲ್ಲಿ ಏನೂ ಇಲ್ವಲ್ಲ, ಇನ್ನೊಂದ್ಸಲ ನೋಡು."