ಅಮ್ಮ ಹೈವೇಯಲ್ಲಿ ಕಾರು ಓಡಿಸಿದ್ದು

ಬಿಸಿಲಿಗೆ ಕಾದ ಕಾರಿನಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಬಂದರೆ ಈಗಲೂ ಅಮೆರಿಕದ ವಯೋಮಿಂಗ್‌ನ ಆ ಮಧ್ಯಾಹ್ನ ನೆನಪಾಗುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ಅಪ್ಪ, ದೊಡ್ಡ ಬೆಟ್ಟಗಳನ್ನು ನೋಡಲೇಬೇಕೆಂದು ಹಟ ಹಿಡಿದು ನಮ್ಮೂರು ಹಿಲ್ಸ್‌ಬರೋದಿಂದ ನಮ್ಮನ್ನು ಹೊರಡಿಸಿದ್ದರು. ದಿನಗಟ್ಟಲೆ ಕಾರಿನಲ್ಲಿ ಕೂತು ಎಲ್ಲರೂ ಸೋತಿದ್ದೆವು. ಒಣ ಹುಲ್ಲಿನ ಬಯಲೊಂದರಲ್ಲಿ ಅಪ್ಪ ಕಾರು ನಿಲ್ಲಿಸಿದರು. ವಾಕರಿಕೆ ತಡೆಯಲು ಕಿತ್ತಳೆ ಸಿಪ್ಪೆ ಮೂಸುತ್ತಿದ್ದರು.

"ಇನ್ಮೇಲೆ ನೀನೇ ಡ್ರೈವ್ ಮಾಡು," ಎಂದರು ಅಮ್ಮನಿಗೆ.

"ಹೈವೇ ಅಂದ್ರೆ ನಂಗೆ ಭಯ ಅಂತ ಗೊತ್ತಲ್ಲ ರೀ. ಸ್ವಲ್ಪ ಮಲಗೆದ್ದು ನೀವೇ ಓಡ್ಸಿ."

"ನಾನು ಪಕ್ಕದಲ್ಲಿರುವಾಗ್ಲೇ ಅಭ್ಯಾಸ ಮಾಡ್ಕೋ."

ಅಮ್ಮ ಹಿಂದಿನ ಸೀಟಿನಲ್ಲಿದ್ದ ನನ್ನತ್ತ ನೋಡಿದಳು. ದುಪಟ್ಟಾದಿಂದ ಮುಖ ಒರೆಸಿಕೊಂಡು, ಸೀಟನ್ನು ಮುಂದಕ್ಕೆ ಎಳೆದುಕೊಂಡು ಹೊರಟಳು.

ಬೆಟ್ಟಗಳು ಕಾಣಿಸಿದಾಗ ಅಪ್ಪ ನಿದ್ದೆಯಲ್ಲಿದ್ದರು. ಅಮ್ಮ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಅವರಾಗಿಯೇ ಏಳುವವರೆಗೂ ಕಾದಳು.