ನೀಲವ್ವನ ವಿರೋಧ

ನೇಕಾರರ ಸಹಕಾರ ಸಂಘವನ್ನು ಹೊಸ ಕಾಯ್ದೆಯಡಿ ಮತ್ತೆ ನೋಂದಾಯಿಸಬೇಕಿತ್ತು. ಸಭೆ ನಡೆಸದೇ ಬರೀ ಪುಸ್ತಕ ತುಂಬಿಸಿದ ಸಂಘಗಳಿಗೆ ಈ ಸಲ ನೋಂದಣಿ ಇಲ್ಲವೆಂದು ಸುದ್ದಿಯಾಗಿತ್ತು. ಪರಿಶೀಲನೆಗೆ ಬಂದ ಅಧಿಕಾರಿ ಹನ್ನೆರಡು ವರ್ಷಗಳ ನಡಾವಳಿ ಪುಸ್ತಕವನ್ನು ಒಂದೊಂದೇ ಹಾಳೆ ತಿರುವಿ ಓದಿದರು. ಕಾರ್ಯದರ್ಶಿ ಚನ್ನವೀರಪ್ಪ ಎದುರಿಗೆ ಕೈಕಟ್ಟಿ ನಿಂತಿದ್ದ.

“ಬೇರೆ ಸಂಘದ ಪುಸ್ತಕದಾಗ ಎಲ್ಲಾ ಠರಾವು ಸರ್ವಾನುಮತದಿಂದನ ಪಾಸ್ ಆಗಿರ್ತಾವ. ಮನ್ಯಾಗ ಕುಂತು ಬರದದ್ದು ಅಂತ ಅಲ್ಲೇ ಗೊತ್ತಾಗತೈತಿ,” ಎಂದರು ಅಧಿಕಾರಿ. “ನಿಮ್ಮದು ಹಂಗಿಲ್ಲ ನೋಡ್ರಿ. ಹೊಸ ಮಗ್ಗ ತರೂದಕ್ಕ ಸದಸ್ಯೆ ನೀಲವ್ವನ ವಿರೋಧ. ಅಧ್ಯಕ್ಷರಿಗೆ ಶಾಲು ಹೊದಿಸೂದಕ್ಕ ನೀಲವ್ವನ ವಿರೋಧ. ಒಂದು ಸಭೆನೂ ಬಿಟ್ಟಿಲ್ಲ ಆಕಿ. ಸಭೆ ಅಂದ್ರ ಇದು.”

“ಯಾರ ಮಾತೂ ಬಿಡದಂಗ ಬರೀತೀನ್ರಿ ಸಾಹೇಬ್ರ.”

ಅಧಿಕಾರಿ ಸಹಿ ಹಾಕಲು ಪೆನ್ನು ತೆಗೆದವರು ಅಲ್ಲೇ ತಡೆದರು. “ಅಂಥಾ ಹೆಣ್ಮಗಳನ್ನ ಒಮ್ಮೆ ನೋಡಬೇಕಲ್ಲ. ಕರಸ್ರಿ.”

“ಆಕಿಗೆ ಆರಾಮಿಲ್ರಿ,” ಎಂದ ಚನ್ನವೀರಪ್ಪ.

ಬಾಗಿಲಲ್ಲಿದ್ದ ನೇಕಾರನೊಬ್ಬ ಅಷ್ಟರಲ್ಲಿ ಓಡಿಹೋಗಿ ಕರೆತಂದೇಬಿಟ್ಟ. ಮಗ್ಗ ಬಿಟ್ಟು ಎದ್ದುಬಂದ ನೀಲವ್ವನ ತಲೆಗೂದಲಲ್ಲಿ ಇನ್ನೂ ನೂಲಿನ ಎಳೆಗಳಿದ್ದವು.

“ಸಭೆದಾಗ ಭಾಳ ಧೈರ್ಯದಿಂದ ಮಾತಾಡ್ತೀರಿ ಬಿಡ್ರಿ ಅವ್ವಾರ,” ಎಂದು ಅಧಿಕಾರಿ ಪುಸ್ತಕ ತೋರಿಸಿದರು.

ನೀಲವ್ವ ಪುಸ್ತಕ ನೋಡಿದಳು, ಆಮೇಲೆ ಕಾರ್ಯದರ್ಶಿಯನ್ನು ನೋಡಿದಳು.

“ಯಾವ ಸಭೆರೀ? ನಮ್ಮ ಮನಿಯವ್ರು ಒಲಿ ಮುಂದ ಕುಂತು ಇದನ್ನ ಬರಿಯುವಾಗ ನಾ ರೊಟ್ಟಿ ಬಡಕೋತ ಬ್ಯಾಡ ಬ್ಯಾಡ ಅಂತಿದ್ದೆ, ಅದನ್ನೂ ಬರದಾರೇನ್ರಿ?”